ಶಹಾಪುರದ ಸತ್ಯಪ್ಪ

ಖಾನಾಪುರದ ಹಂಚಿನ ಭಟ್ಟಿಯಲ್ಲಿ ಮಣ್ಣು ತುಳಿಯುತ್ತಿದ್ದ ಮದಾರಸಾಬನನ್ನು ಯಾರಾದರೂ ಊರು ಯಾವುದೆಂದು ಕೇಳಿದರೆ ಅವನು ಖಾನಾಪುರವೆಂದು ಹೇಳುತ್ತಿರಲಿಲ್ಲ. "ನಮ್ಮದು ಬೆಳಗಾವಿ. ಶಹಾಪುರದ ನೇಕಾರ ಓಣಿ" ಅನ್ನುತ್ತಿದ್ದ. ಅಲ್ಲಿ ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಬಣ್ಣದ ಕಾರ್ಖಾನೆ ಮುಚ್ಚಿದಾಗ ಹೆಂಡತಿ ರಾಜಬೀಯನ್ನು ಕರೆದುಕೊಂಡು ಹೊಟ್ಟೆಪಾಡಿಗೆ ಇಲ್ಲಿಗೆ ಬಂದಿದ್ದ.

ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದರೆ ಸಾಕು, ಓಣಿಯ ಸುದ್ದಿ ಶುರುವಾಗುತ್ತಿತ್ತು. ಕೋಳಿ ಕೂಗುವ ಮೊದಲೇ ಮಗ್ಗದ ಲಾಳಿಯ ಸದ್ದು. ಮೊಣಕೈವರೆಗೆ ಕೆಂಪು ಹತ್ತಿದ ಕೈಯಲ್ಲೇ ಚಹಾ. ಲಗ್ನಸರಾಯಿ, ಮದುವೆಯ ಕಾಲ, ಬಂತೆಂದರೆ ಕೊಲ್ಲಾಪುರದ ವ್ಯಾಪಾರಿಗಳು ಸೀರೆ ಮಗ್ಗದಿಂದ ಇಳಿಯುವುದನ್ನು ಕಾಯುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅದರಲ್ಲೂ ಗೆಳೆಯ ಸತ್ಯಪ್ಪ ನೇಯ್ದ ಸೀರೆಗೆ ಜಗಳವೇ ಬೀಳುತ್ತಿತ್ತಂತೆ.

"ಬಿಟ್ಟು ಬಂದ ಊರಿನ ಸುದ್ದಿಲೆ ಹೊಟ್ಟಿ ತುಂಬೂದಿಲ್ಲ" ಎಂದು ರಾಜಬೀ ಬೈಯುತ್ತಿದ್ದಳು.

ಎಂಬತ್ತಮೂರರ ಬೇಸಿಗೆಯಲ್ಲಿ ಸಂತೆಗೆ ಬಂದ ಅರಿವೆ ವ್ಯಾಪಾರಿಯೊಬ್ಬ, ಶಹಾಪುರದ ಬಣ್ಣದ ಕಾರ್ಖಾನೆಯನ್ನು ನೇಕಾರರ ಸಂಘದವರು ಮತ್ತೆ ತೆರೆಯುತ್ತಾರಂತೆ ಎಂದು ಹೇಳಿದ. ಮದಾರಸಾಬನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಒಗೆದ ಅಂಗಿ ತೊಟ್ಟು, "ಓಣಿಯಾಗ ಒಂದು ಬಾಡಿಗಿ ಖೋಲಿ ನೋಡಿ ಬರ್ತೀನಿ" ಎಂದು ರಾಜಬೀಗೆ ಹೇಳಿ ಬಸ್ಸು ಹತ್ತಿದ.

ಒಂಬತ್ತು ವರ್ಷದ ಮೇಲೆ ಓಣಿಯ ಬಾಯಿಗೆ ಬಂದಾಗ ದಾರಿ ತಪ್ಪಿದೆನೇನೋ ಅನ್ನಿಸಿತು. ಮನೆಗಳು ಅವೇ. ಸದ್ದು ಮಾತ್ರ ಇಲ್ಲ. ಕೆಲವು ಮನೆಗೆ ಬೀಗ, ಕೆಲವಕ್ಕೆ ಬಾಗಿಲೇ ಇಲ್ಲ. ಬಣ್ಣದ ಕಾರ್ಖಾನೆಯ ಒಳಗೆ ಸಿಮೆಂಟಿನ ಚೀಲಗಳನ್ನು ಒಟ್ಟಿದ್ದರು.

"ಸಂಘದವರು ಎಲ್ಲಿ ಸಿಗತಾರ್ರಿ?" ಎಂದು ಕಾವಲುಗಾರನನ್ನು ಕೇಳಿದ.

"ಯಾವ ಸಂಘ? ಈ ಜಾಗಾ ಮಾರಿ ಭಾಳ ದಿನಾ ಆತು."

ಅಲ್ಲಿಂದ ಸತ್ಯಪ್ಪನ ಮನೆಗೆ ಹೋದ. ಹೊರಗೆ ಬೀಡಿ ಕಟ್ಟುತ್ತ ಕೂತಿದ್ದ ಸತ್ಯಪ್ಪನ ಹೆಂಡತಿ ಫಕೀರವ್ವ ಗುರುತು ಹಿಡಿದು ಎದ್ದಳು. "ಬರ್ರಿ ಅಣ್ಣಾರ, ಒಳಗ ಕುಂದರ್ರಿ."

ಒಳಗೆ, ನೇಯುವಾಗ ಕಾಲು ಇಳಿಬಿಡುತ್ತಿದ್ದ ಮಗ್ಗದ ಕುಣಿಯನ್ನು ಮಣ್ಣು ತುಂಬಿ ಮುಚ್ಚಿ ಸಾರಿಸಿದ್ದರು. ಅದರ ಮೇಲೇ ಚಾಪೆ ಹಾಸಿಕೊಂಡು ಸತ್ಯಪ್ಪ ಕೂತಿದ್ದ. ಎದೆಯ ಎಲುಬು ಕಾಣುವಷ್ಟು ಸೊರಗಿದ್ದ.

"ಮಗ್ಗ ಎಲ್ಲಿ?"

"ಹ್ವಾದ ಮಳಿಗಾಲದಾಗ ಒಲಿಗೆ ಹಾಕಿದ್ವಿ. ಒಣಗಿದ ಕಟಗಿ, ಚಲೋ ಉರೀತು." ಸತ್ಯಪ್ಪನ ದನಿಯಲ್ಲಿ ಏರಿಳಿತವಿರಲಿಲ್ಲ. "ಮಗ ನಾಗಲಿಂಗ ಇಚಲಕರಂಜಿಗೆ ಹ್ವಾದ, ಪಾವರಲೂಮಿಗೆ. ನಾ ಉದ್ಯಮಬಾಗದ ಕಾರ್ಖಾನಿಗೆ ಹೋಗಿ ಕೆಲಸಾ ಕೇಳಿ ಬಂದೆ. ಅಲ್ಲಿ ಹರೇದ ಹುಡುಗರು ಬೇಕಂತ."

ಫಕೀರವ್ವ ಹಾಲಿಲ್ಲದ ಚಹಾ ತಂದಿಟ್ಟಳು. ತಾನು ತಿರುಗಿ ಬರಬೇಕೆಂದಿರುವುದನ್ನು ಹೇಳಲು ಮದಾರಸಾಬ ಬಾಯಿ ತೆರೆದ. ಅಷ್ಟರಲ್ಲಿ ಸತ್ಯಪ್ಪ ಅವನ ಮೊಣಕಾಲ ಮೇಲೆ ಕೈಯಿಟ್ಟ.

"ಮದಾರ, ನಿಮ್ಮ ಭಟ್ಟಿಯೊಳಗ ನನಗೊಂದು ಕೆಲಸ ಸಿಗತೈತೇನು?"

ಮದಾರಸಾಬ ಚಹಾ ಕುಡಿದು ಮುಗಿಸಿದ. ಆಮೇಲೆ, "ಸಿಗತೈತಿ, ನಡಿ" ಅಂದ.

ಬಾಡಿಗೆ ಖೋಲಿ ಹುಡುಕಲು ಹೋದವನು ಸಂಜೆ ಓಣಿಯ ಕೊನೆಯ ನೇಕಾರನನ್ನೂ ಅವನ ಹೆಂಡತಿಯನ್ನೂ ಬಸ್ಸು ಹತ್ತಿಸಿಕೊಂಡು ಬಂದ. ರಾಜಬೀ ಮೂವರನ್ನೂ ನೋಡಿ ಒಳಗೆ ಹೋದಳು. ಒಲೆಯ ಮೇಲೆ ಇನ್ನಷ್ಟು ಅನ್ನಕ್ಕಿಟ್ಟಳು.

ಸತ್ಯಪ್ಪ ಮಣ್ಣು ತುಳಿಯತೊಡಗಿದ. ಜೀವಮಾನವೆಲ್ಲ ನೆರಳಲ್ಲಿ ಕೂತು ನೇಯ್ದವನಿಗೆ ಆ ಬಿಸಿಲೂ ಥಂಡಿ ಮಣ್ಣೂ ಒಗ್ಗಲಿಲ್ಲ. ಮೊದಲು ಪಾದ ಒಡೆದವು. ಎರಡನೆಯ ಚಳಿಗಾಲದಲ್ಲಿ ಕೆಮ್ಮು ಎದೆಗಿಳಿಯಿತು. "ನಾ ನಿನ್ನ ಕರಕೊಂಡು ಬರಬಾರದಿತ್ತು" ಎಂದು ಮದಾರಸಾಬ ಒಂದು ದಿನ ಅಂದ. "ಅಲ್ಲಿದ್ದರ ಇನ್ನೂ ಮದಲ ಸಾಯತಿದ್ದೆ" ಅಂದು ಸತ್ಯಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ಅದಾಗಿ ಸ್ವಲ್ಪ ದಿನಕ್ಕೆ ತೀರಿಕೊಂಡ.

ಸುದ್ದಿ ತಿಳಿದು ಇಚಲಕರಂಜಿಯಿಂದ ನಾಗಲಿಂಗ ಬಂದ. ತಂದೆಯ ಮುಖ ನೋಡಿ, ಹೊರಗೆ ಬಂದು ಮದಾರಸಾಬನ ಎದುರು ನಿಂತ.

"ಕಾಕಾ, ಅಪ್ಪನ್ನ ಬೆಳಗಾವಿಗೆ ಒಯ್ಯೂಣೇನು? ನಮ್ಮೂರ ಮಣ್ಣಾಗ ಇಡಬೇಕಲ್ಲ."

ಮದಾರಸಾಬ ಫಕೀರವ್ವನ ಕಡೆ ನೋಡಿದ. ಓಣಿಗೆ ಒಯ್ದರೆ ಹೆಗಲು ಕೊಡಲು ಯಾರು ಬಂದಾರು ಎಂದು ಒಬ್ಬೊಬ್ಬರನ್ನೇ ನೆನೆದ. ಒಂದು ಹೆಸರೂ ಹೊಳೆಯಲಿಲ್ಲ.

"ಬ್ಯಾಡಪ್ಪಾ" ಅಂದ. "ಅಲ್ಲಿ ಯಾರೂ ಇಲ್ಲ. ಇಲ್ಲೇ ಮಣ್ಣು ಕೊಡೂಣು."

ಭಟ್ಟಿಯ ಆಳುಗಳು ಸಲಿಕೆ ತಂದರು. ಮಲಪ್ರಭೆಯ ದಂಡೆಯ ಮೇಲೆ ಅವರೊಂದಿಗೆ ಮದಾರಸಾಬನೂ ಕುಣಿ ತೋಡಿದ.