ಶಾಮಿಯಾನದವರು ಕಾರು ಬಾಡಿಗೆಗೆ ತಗೊಂಡದ್ದು

ನನ್ನ ಗಂಡ ರೇಣುಕಾಪ್ರಸಾದ್ ಮಾಗಡಿಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವರು. ನಮ್ಮ ಕಡೆ ಅವರ ಚಪ್ಪರದಡಿ ತಾಳಿ ಕಟ್ಟಿಸಿಕೊಳ್ಳದ ಹೆಣ್ಣು ಕಡಿಮೆ. ಅವರ ಬಿಲ್ಲು ನೋಡಿ ಎದೆ ಹಿಡಿದುಕೊಳ್ಳದ ಹೆಣ್ಣಿನ ಅಪ್ಪ ಇನ್ನೂ ಕಡಿಮೆ. ಮಾತಾಡಿದ ಬಾಡಿಗೆ ಒಂದು, ಕೊನೆಗೆ ಕಕ್ಕುವ ಬಾಡಿಗೆ ಇನ್ನೊಂದು. ಕೊಳಗ ಸೊಟ್ಟಗಾಗಿದೆ, ಜಮಖಾನದ ಮೇಲೆ ಸಾಂಬಾರಿನ ಕಲೆ ಬಿದ್ದಿದೆ, ಸೌಟು ಕಾಣುತ್ತಿಲ್ಲ, ಕುರ್ಚಿ ಇಳಿಸಿದ ಕೂಲಿ ಬೇರೆ, ಹತ್ತಿಸಿದ ಕೂಲಿ ಬೇರೆ. ಬೇಸಿಗೆಯ ಉರಿಬಿಸಿಲಲ್ಲೂ "ಮಳೆ ಬಂದ್ಬುಟ್ರೆ ಏನ್ ಮಾಡ್ತೀರಾ ಯಜಮಾನ್ರೇ? ಟಾರ್ಪಾಲು ಹಾಕಿಸ್ಕೊಳಿ" ಎಂದು ಮದುವೆ ಮನೆಯವರನ್ನು ಹೆದರಿಸಿ, ಒಂದು ಟಾರ್ಪಾಲು ತಲೆಗೆ ಕಟ್ಟಿಯೇ ಕಳಿಸುತ್ತಾರೆ. ಅದೇ ದುಡ್ಡಿನಲ್ಲಿ ನಮ್ಮ ಮನೆಗೆ ಮಹಡಿ ಎದ್ದಿದೆ, ನಾನೂ ಉಂಡಿದ್ದೇನೆ, ಆದ್ದರಿಂದ ದೂರಬಾರದು. ಆದರೂ ದೂರುತ್ತೇನೆ.

ಇಂಥವರು ಹೋದ ಚಳಿಗಾಲದಲ್ಲಿ ಫಾರಿನ್ ಟೂರಿಗೆ ಹೊರಟರು. ಜಾರ್ಜಿಯಾ ಅಂತ, ರಷ್ಯಾದ ಮಗ್ಗುಲಿನ ಒಂದು ದೇಶ. ಈ ಸೀಸನ್ನಿನಲ್ಲಿ ಟಿಕೆಟ್ಟು ಅಗ್ಗ ಎಂದು ಯಾರೋ ಹೇಳಿದ್ದರು. ಅಗ್ಗ ಎಂದ ಮೇಲೆ ಅದು ಯಾವ ದಿಕ್ಕಿಗಿದೆ ಎಂದು ಇವರು ಕೇಳುವ ಪೈಕಿ ಅಲ್ಲ.

ನನಗೆ ದೊಡ್ಡ ಆಸೆಯೇನೂ ಇರಲಿಲ್ಲ. ಆಸೆ ಇದ್ದದ್ದು ನಮ್ಮತ್ತೆ ರೇವಮ್ಮನವರಿಗೆ. ಎಪ್ಪತ್ತು ದಾಟಿದವರು, ಲಿಂಗಪೂಜೆ ಆಗದೆ ತೊಟ್ಟು ನೀರು ಕುಡಿಯದವರು. "ಈ ಮಂಡಿ ಇಟ್ಕಂಡು ಕೈಲಾಸಕ್ಕಂತೂ ಹೋಗಕಾಗಕಿಲ್ಲ ಕಣವ್ವ ನೇತ್ರಾ. ಶಿವ ಕುಂತಿರೋ ಅಂಥದೇ ಹಿಮ ಅಲ್ಲೂ ಐತಂತಲ್ಲ, ಒಸಿ ಮುಟ್ಬುಟ್ಟು ಬಂದ್ರೆ ಸಾಕು ನಂಗೆ" ಅಂದರು. ಬೇರೆಯವರ ಮದುವೆಯ ಜಿಡ್ಡು ಹಿಡಿದ ಪಾತ್ರೆ ತಿಕ್ಕಿ ತಿಕ್ಕಿ ಮಗನ ಅಂಗಡಿಯನ್ನು ನಿಲ್ಲಿಸಿದ ಹೆಂಗಸು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಟೂರಿನವರ ಬಸ್ಸಿನಲ್ಲೇ ಹೋಗೋಣ ಎಂದೆ. "ಪ್ಯಾಕೇಜ್‌ನಾಗೆ ಎಲ್ಲಾ ಒಳಗೊಳಗೇ ಸೇರ್ಸಿರ್ತಾರೆ. ನಂಗೆ ಗೊತ್ತಿಲ್ವಾ?" ಅಂದರು. ಗೊತ್ತಿಲ್ಲದೆ ಏನು! ಸ್ವಂತವಾಗಿ ಕಾರು ಬಾಡಿಗೆಗೆ ತಗೊಳ್ಳುವುದೆಂದು ತೀರ್ಮಾನವಾಯಿತು. ರಾಮನಗರದ ಆರ್‌ಟಿಒ ಆಫೀಸಿಗೆ ಅಲೆದು ಹೊರದೇಶದಲ್ಲಿ ಓಡಿಸುವ ಲೈಸೆನ್ಸು ತಂದರು. ಬಾಡಿಗೆ ಕಾರಿನಲ್ಲಿ ಮೋಸಹೋದವರ ವಿಡಿಯೋಗಳನ್ನು ಊಟದ ತಟ್ಟೆ ಮುಂದಿಟ್ಟುಕೊಂಡು ನೋಡಿದರು. ಗೀರು ಬಿದ್ದರೆ ದಂಡ, ಪೆಟ್ರೋಲು ಕಮ್ಮಿಯಾದರೆ ದಂಡ, ಸೀಟು ಕೊಳೆಯಾದರೂ ದಂಡ. ನೋಡುವಾಗ ಇವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಮೆಚ್ಚುಗೆ ಇತ್ತು. "ಕೊಳೆಗೂ ರೇಟು ಮಡಗವ್ರೆ ಕಣೇ! ನಮಗ್ಯಾಕೆ ಹೊಳೀಲಿಲ್ಲ ಇದು?"

ಕಾರು ಕೊಡುವ ಆಫೀಸಿನ ಅಂಗಳದಲ್ಲಿ ನಮಗಾಗಿ ಬಿಳಿ ಕಾರೊಂದು ನಿಂತಿತ್ತು. ವಾಪಸು ಬಂದ ಹಂಡೆಯನ್ನು ಪರೀಕ್ಷಿಸುವ ಹಾಗೆ ಇವರು ಬಾಗಿಲು ಬಾಗಿಲಿಗೂ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿದರು. ಒಂದೊಂದು ಗೀರನ್ನೂ ವಿಡಿಯೋ ಮಾಡಿದರು. ಹೊಸ ಕೋಟಿನಲ್ಲೇ ನೆಲದ ಮೇಲೆ ಮಲಗಿ ಕಾರಿನ ಹೊಟ್ಟೆಯನ್ನೂ ವಿಡಿಯೋದಲ್ಲಿ ಹಿಡಿದರು. ಆಫೀಸಿನ ಹುಡುಗಿ ಕಾಫಿ ಹೀರುತ್ತಾ ನೋಡುತ್ತಿದ್ದಳು. ಇಷ್ಟರವರೆಗೆ ಇವರು ಮಾಡಿದ್ದೆಲ್ಲ ಸರಿಯೇ, ಅದನ್ನು ಅಲ್ಲಗಳೆಯುವುದಿಲ್ಲ.

ಎಲ್ಲಿಗೆ ಹೋಗುತ್ತೀರಿ ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಹಿಮ ನೋಡಲು ಬೆಟ್ಟಕ್ಕೆ ಎಂದೆ. ಹಾಗಾದರೆ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಹಾಕುವ ಚೈನು ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಮೇಲಕ್ಕೆ ಗಾಡಿ ಬಿಡುವುದಿಲ್ಲ, ಅದಕ್ಕೆ ಸ್ವಲ್ಪ ಬಾಡಿಗೆ ಆಗುತ್ತದೆ ಎಂದಳು.

ಇವರು ನನ್ನ ಕಡೆ ತಿರುಗಿ ಕಣ್ಣು ಹೊಡೆದರು. "ನೋಡ್ದಾ? ಬಂತು ಟಾರ್ಪಾಲು!"

"ರೀ, ನಿಜ ಇದ್ರೆ?"

"ಏನ್ ನಿಜ? ನಾನೂ ಹಿಂಗೇ ಮುಖ ಮಾಡ್ಕಂಡು ಹೇಳದು. ಈ ಮುಖ ನಂಗೆ ಗೊತ್ತು ಕಣೇ." ಆಮೇಲೆ ಆ ಹುಡುಗಿಗೆ ನಗುನಗುತ್ತಾ ಹೇಳಿದರು: "ನೋ ನೋ ಮೇಡಂ. ಐ ಆಲ್ಸೋ ಸೇಮ್ ಬಿಸಿನೆಸ್." ಅವಳಿಗೆ ಏನು ಅರ್ಥವಾಯಿತೋ, ಹೆಗಲು ಕುಣಿಸಿ ಒಳಗೆ ಹೋದಳು.

ದಾರಿಯುದ್ದಕ್ಕೂ ಆ ಚೈನಿನ ಕತೆಯನ್ನೇ ಅತ್ತೆಗೆ ಹೇಳುತ್ತಾ ಇವರದು ಒಂದೇ ಪಾಠ. ಬಾಡಿಗೆ ಕೊಡುವವನು ಹೆದರಿಸುತ್ತಾನೆ, ತಗೊಳ್ಳುವವನು ಹೆದರಬಾರದು, ಅಷ್ಟೇ ವ್ಯಾಪಾರ. ಬೆಟ್ಟದ ಬುಡದಲ್ಲಿ ಒಂದು ಗೇಟು ಬಂತು. ಗೇಟಿನ ಈಚೆ ಬರೀ ಕೆಸರು, ಆಚೆ ಕಣ್ಣು ಹರಿದಷ್ಟೂ ಬಿಳುಪು. ಪೊಲೀಸಿನವನು ಬಗ್ಗಿ ನಮ್ಮ ಚಕ್ರ ನೋಡಿದ, ಹಿಂದಕ್ಕೆ ಹೋಗಿ ಎಂದು ಕೈ ಬೀಸಿದ. ಅವನ ಕೈ ಬೆಚ್ಚಗೆ ಮಾಡಲು ಇವರು ಜೇಬಿಗೆ ಕೈ ಹಾಕಿದರು. ಅವನು ಗುರ್ರೆಂದು ನೋಡಿದ್ದೇ ತಡ, ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು.

"ಏನಂತೆ ಮಗಾ?" ಹಿಂದಿನ ಸೀಟಿನಿಂದ ಅತ್ತೆ ಕೇಳಿದರು.

"ಚೈನು ಬೇಕಂತೆ ಕಣವ್ವ."

"ಆ ಹುಡುಗಿ ಕೊಡ್ತೀನಿ ಅಂದಿದ್ದು ಅದೇಯಾ?"

ಇವರು ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು.

"ಅವಳು ನಿಜಾನೇ ಹೇಳವ್ಳಲ್ಲಪ್ಪ. ಲೋಕದಾಗೆ ಎಲ್ರೂ ನಿನ್ನಂಗೇ ಅಂತ ಅನ್ಕಂಬುಟ್ಯಲ್ಲ ನೀನು" ಎಂದು ಅತ್ತೆ ಕಿಟಕಿಯ ಕಡೆ ಮುಖ ಮಾಡಿದರು. ಹಿಮ ಕೂಗಳತೆಯಲ್ಲಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮ ಹಿಂದೆ ಚೈನು ಹಾಕಿದ ವ್ಯಾನೊಂದು ನಿಂತಿತ್ತು. ಡ್ರೈವರು ಅತ್ತೆಯ ಸೀರೆ, ಶಾಲು, ವಿಭೂತಿ ನೋಡಿ ಏನನಿಸಿತೋ, ಎರಡು ಬೆರಳು ತೋರಿಸಿ ಬನ್ನಿ ಎಂದು ಸನ್ನೆ ಮಾಡಿದ. ಎರಡೇ ಸೀಟು ಖಾಲಿ. ಇವರು ತಕ್ಷಣ ಶುರುಮಾಡಿದರು: "ಎಷ್ಟಂತೆ ಕೇಳು. ಹೋಗಿ ಬರೋದು ಸೇರ್ಸಿಯಾ, ಇಳಿಯೋಕೆ ಬ್ಯಾರೆನಾ?" ನಾನು ಅತ್ತೆಯ ಕೈ ಹಿಡಿದು ವ್ಯಾನು ಹತ್ತಿಸಿದೆ. ಯಾರಾದರೂ ಗೀಚಿಯಾರೆಂದು ಇವರು ಕಾರಿಗೆ ಬೆನ್ನು ಕೊಟ್ಟು ನಿಂತರು.

ಮೇಲೆ ಅತ್ತೆ ಹಿಮದಲ್ಲಿ ಕೂತೇಬಿಟ್ಟರು. ಎರಡು ಕೈಯಲ್ಲೂ ಬಾಚಿ ಕಣ್ಣಿಗೊತ್ತಿಕೊಂಡು "ಶಿವನೇ, ಶಿವನೇ" ಅಂದರು, ಆಮೇಲೆ ನಕ್ಕರು. ಅತ್ತೆ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಹೊರಡುವಾಗ ದೊಡ್ಡದೊಂದು ಉಂಡೆ ಕಟ್ಟಿ ಸೆರಗಿನಲ್ಲಿಟ್ಟುಕೊಂಡರು. "ಪ್ರಸಾದಂಗೆ ಕಣವ್ವ. ಪಾಪ, ಅಲ್ಲೇ ಚಳೀಲಿ ನಿಂತವ್ನೆ, ಅವ್ನೂ ಒಸಿ ಮುಟ್ಲಿ." ಬೈದದ್ದೆಲ್ಲ ಮರೆತೇಹೋಗಿತ್ತು. ಇಳಿಯುವ ದಾರಿಯುದ್ದಕ್ಕೂ ಮಡಿಲು ಒದ್ದೆಯಾಗಿ ನಡುಗುತ್ತಿದ್ದರೂ ಆ ಉಂಡೆಯನ್ನು ನನ್ನ ಕೈಗೆ ಕೊಡಲಿಲ್ಲ.

ಗೇಟಿನ ಹತ್ತಿರ ಇಳಿದು, ಮಡಿಲು ಹಿಡಿದುಕೊಂಡೇ ಕುಂಟುತ್ತಾ ಕಾರಿನ ಬಳಿ ಹೋದರು. "ತಗಳಪ್ಪ, ಕೈ ಒಡ್ಡು. ಶಿವನ ತಾವಿಂದ ನಿಂಗೂ ತಂದಿವ್ನಿ."

ಇವರು ಕೈ ಒಡ್ಡಲಿಲ್ಲ. ತಾಯಿಯ ಒದ್ದೆ ಸೀರೆಯನ್ನು ನೋಡಿದರು, ತೆರೆದಿದ್ದ ಕಾರಿನ ಬಾಗಿಲನ್ನು ಪಟ್ಟನೆ ಮುಚ್ಚಿದರು. "ಅವ್ವಾ, ಹಂಗೇ ಹತ್ಬೇಡ! ಸೀಟು ನೆಂದ್ರೆ ಕ್ಲೀನಿಂಗ್ ಚಾರ್ಜ್ ಜಡೀತಾರೆ. ಮೊದ್ಲು ಅದ್ನ ಬಿಸಾಕು."

ಅತ್ತೆ ಮಗನ ಮುಖವನ್ನೇ ನೋಡಿದರು. ಸೆರಗು ಸಡಿಲಿಸಿದರು. ಉಂಡೆ ಕೆಸರಿಗೆ ಬಿತ್ತು.

"ನಿನ್ನ ಸೀಟು ನೆನೆಯಕಿಲ್ಲ ಬುಡಪ್ಪ" ಎಂದವರೇ ತಿರುಗಿ ವ್ಯಾನಿನ ಕಡೆ ನಡೆದರು. ಅದೂ ನಾವು ಉಳಿದುಕೊಂಡಿದ್ದ ಊರಿಗೇ ಹೊರಟಿತ್ತು. ನಾನು ಅವರನ್ನು ಹತ್ತಿಸಿ ಪಕ್ಕದಲ್ಲಿ ಕೂತೆ. ಡ್ರೈವರು ತನ್ನ ಕಂಬಳಿ ತೆಗೆದು ಅತ್ತೆಗೆ ಹೊದಿಸಿದ. ಹಿಂದಿನ ಗಾಜಿನಲ್ಲಿ ನೋಡಿದರೆ ನಮ್ಮ ಬಿಳಿ ಕಾರು ಬರುತ್ತಿತ್ತು, ಒಂದು ಹೊಸ ಗೀರೂ ಇಲ್ಲದೆ, ಒಳಗೆ ಒಬ್ಬರೇ ಇವರು.