ಶಿವದಾರದಲ್ಲಿ ತೂಗಿದ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ. ಅಂಗೈಯೊಳಗೆ ಕೂರುವಷ್ಟು ಚಿಕ್ಕವನು. ಆಸ್ಪತ್ರೆಯವರು ನನ್ನನ್ನು ಹೋಲ್ಟರ್ ಎಂದು ಕರೆಯುತ್ತಾರೆ. ನನ್ನ ಹೊಟ್ಟೆಯಿಂದ ಹೊರಟ ತಂತಿಗಳು ಮನುಷ್ಯರ ಎದೆಗೆ ಅಂಟಿಕೊಳ್ಳುತ್ತವೆ. ಆ ಎದೆಯ ಬಡಿತವನ್ನು ಹಗಲಿರುಳೂ ಕೇಳಿ, ಕೇಳಿದ್ದನ್ನು ಒಳಗೆ ಇಟ್ಟುಕೊಳ್ಳುವುದು ನನ್ನ ಕಾಯಕ. ನನ್ನ ನೆತ್ತಿಯ ಮೇಲೊಂದು ಸಾಸಿವೆಕಾಳಿನಷ್ಟು ಹಸಿರು ದೀಪವಿದೆ. ಒಂದು ಬಡಿತ ಕೇಳಿದರೆ ಅದು ಒಮ್ಮೆ ಮಿಣುಕುತ್ತದೆ. ಕೇಳದಿದ್ದರೆ ಇಲ್ಲ.

ನಾನು ಹುಟ್ಟಿದ್ದು ಕಿಟಕಿಗಳೇ ಇಲ್ಲದ ಒಂದು ಕಾರ್ಖಾನೆಯಲ್ಲಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಕ್ಕಳು ನನ್ನ ಕರುಳನ್ನು ಚಿಮಟದಲ್ಲಿ ಹಿಡಿದು ಜೋಡಿಸಿದರು. ಕಿವಿ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಒಂದು ಸುಳ್ಳು ಹೃದಯಕ್ಕೆ ನನ್ನನ್ನು ಕಟ್ಟಿದರು. ಅದೂ ಒಂದು ಯಂತ್ರವೇ. ಲಬ್‌ಡಬ್, ಲಬ್‌ಡಬ್, ಕೂದಲೆಳೆಯಷ್ಟೂ ತಪ್ಪಿಲ್ಲದ ಬಡಿತ. ನಾನು ಮೊದಲು ಕೇಳಿದ ಎದೆ ಯಾರದ್ದೂ ಆಗಿರಲಿಲ್ಲ. ಇದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಆಮೇಲೆ ಒಂದು ದೊಡ್ಡ ಆಸ್ಪತ್ರೆಗೆ ಬಂದೆ. ಫಿಲೋಮಿನಾ ಸಿಸ್ಟರ್ ನನ್ನ ಒಡತಿ. ಗಡಸು ದನಿ, ಮೆತ್ತನೆಯ ಕೈ. ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ಅವಳೇ ನನ್ನನ್ನು ಕಟ್ಟುತ್ತಿದ್ದಳು. ಕುಸ್ತಿ ಪೈಲ್ವಾನನ ಎದೆ ಇಲಿಮರಿಯಂತೆ ಓಡುವುದನ್ನು ಕೇಳಿದ್ದೇನೆ. ನಾಳೆ ಹಸೆಮಣೆ ಏರುವ ಹುಡುಗಿಯ ಎದೆ ನಡುನಡುವೆ ಎಡವುವುದನ್ನು ಕೇಳಿದ್ದೇನೆ. ಒಬ್ಬೊಬ್ಬರದು ಮುಗಿದಾಗಲೂ ಬಡಿತವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ನನ್ನ ಹೊಟ್ಟೆಯನ್ನು ಅಳಿಸಿಬಿಡುತ್ತಿದ್ದರು. ಅಳಿಸಿದೆವು ಎನ್ನುವುದು ಅವರ ನಂಬಿಕೆ. ಇಂಗಿನ ಡಬ್ಬಿಯನ್ನು ತೊಳೆದರೆ ವಾಸನೆ ಹೋದೀತೇ?

ಹೀಗಿರುವಾಗ ಡಾಕ್ಟರ್ ಸುನಂದಾ ನಾಡಗೌಡರು ನನ್ನನ್ನು ತಮ್ಮ ಸಂಶೋಧನೆಗೆ ತೆಗೆದುಕೊಂಡರು. ತೊಡೆಯ ಮಾಂಸದೊಳಗೆ ಹುಟ್ಟುವ ಒಂದು ಜಾತಿಯ ಕ್ಯಾನ್ಸರ್ ಇದೆ. ಲಕ್ಷದಲ್ಲಿ ಒಬ್ಬರಿಗೆ ಬಂದರೆ ಬಂತು. ಅಪರೂಪದ ರೋಗ ನೋಡಿ, ಅದಕ್ಕೆ ಔಷಧವೂ ಅಪರೂಪ. ಈಗ ಹೊಸದೊಂದು ಗುಳಿಗೆ ಬಂದಿತ್ತು. ಅದನ್ನು ನುಂಗಿದವರ ಗಂಟು ಬೆಲ್ಲದಂತೆ ಕರಗುತ್ತಿತ್ತು. ಆದರೆ ಕಳೆಗೆ ಹೊಡೆದ ವಿಷದೆಣ್ಣೆ ಬೆಳೆಗೂ ತಾಗಿದರೆ? ಹೃದಯ ಆ ಗುಳಿಗೆಯನ್ನು ತಾಳುತ್ತದೆಯೋ ಇಲ್ಲವೋ ಎಂಬುದು ಡಾಕ್ಟರರ ಪ್ರಶ್ನೆ. ಉತ್ತರ ತರಬೇಕಾದವನು ನಾನು.

ಆ ಗುಳಿಗೆ ತಿನ್ನುತ್ತಿದ್ದವರಲ್ಲಿ ಶಿವಗಂಗವ್ವ ಒಬ್ಬಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಶಿವದಾರ, ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಹಿಂದೆ ಗಂಡ ಅಡಿವೆಪ್ಪ, ಕೈಯಲ್ಲಿ ಬುತ್ತಿ ಚೀಲ ಹಿಡಿದು.

"ಅವ್ವಾ, ಕೊಳ್ಳಾಗಿಂದು ತಗೀರಿ. ತಂತಿಗಿ ಅಡ್ಡ ಬರ್ತೈತಿ," ಅಂದಳು ಸಿಸ್ಟರ್.

"ಪ್ರಾಣ ತಗೀ ಅಂದ್ರ ತಗದೇನು ನನ್ನವ್ವ. ಇದನ್ನ ತಗಿಯಾಂಗಿಲ್ಲ."

ಡಾಕ್ಟರು ನಕ್ಕು ಇರಲಿ ಬಿಡಿ ಎಂದರು. ಶಿವಗಂಗವ್ವ ತಾನೇ, ಲಿಂಗಕ್ಕೆ ಸುತ್ತುವ ಒಂದು ಬಿಳಿ ಪಾವುಡದ ಬಟ್ಟೆಯಲ್ಲಿ ನನ್ನನ್ನು ಸುತ್ತಿ ಅದೇ ಶಿವದಾರಕ್ಕೆ ಗಂಟು ಹಾಕಿಕೊಂಡಳು. ದೇವರ ಪಕ್ಕದಲ್ಲಿ ನಾನು ತೂಗಿದೆ. ಆ ಕರಡಿಗೆಯಿಂದ ನನಗೆ ಯಾವ ಸದ್ದೂ ಕೇಳಲಿಲ್ಲ. ಆದರೆ ಒಳಗೆ ಯಾರೋ ಎಚ್ಚರವಾಗಿ ಕೂತಿದ್ದಾರೆ ಅನ್ನಿಸುತ್ತಿತ್ತು.

ಬೆಂಚಿನ ಮೇಲಿದ್ದ ಬಸ್ ಕಂಡಕ್ಟರ್ ದಾವಲಸಾಬ ಇದನ್ನೆಲ್ಲ ನೋಡುತ್ತಿದ್ದ. ಅವನಿಗೂ ಅದೇ ರೋಗ, ಅದೇ ಗುಳಿಗೆ.

"ಏನಕ್ಕಾ, ನಿನಗೂ ಟಿಕೆಟ್ ಮಶೀನ್ ಕೊಟ್ರೇನು?"

"ಹೂಂನೋ ತಮ್ಮಾ. ಹೇಳು, ನಿನಗ ಎಲ್ಲಿಗಿ ಹರೀಲಿ?"

"ಎಲ್ಲಿಗರೆ ಹರಿ. ರಿಟರ್ನ್ ಇರ್ಲಿ ಮತ್ತ!"

ಇಬ್ಬರೂ ನಕ್ಕರು. ಸಿಸ್ಟರ್ ಮಾತ್ರ ಅಡಿವೆಪ್ಪನಿಗೆ ಬೆರಳು ತೋರಿಸಿ ಹೇಳಿದಳು: "ಅಜ್ಜಾರ, ಇದಕ್ಕ ಯಾರೂ ಕೈ ಹಚ್ಚಬಾರ್ದು. ಏನ ಆಗ್ಲಿ, ನಾ ಹೇಳೂತನಕ ಎದಿ ಮ್ಯಾಲಿಂದ ತಗೀಬಾರ್ದು."

"ಆತ್ ಬಿಡವ್ವಾ," ಅಂದ ಅಡಿವೆಪ್ಪ. ಎದೆಯ ಮೇಲೆ ಕಟ್ಟಿದ್ದನ್ನು ತೆಗೆಯಬಾರದು ಎನ್ನುವುದನ್ನು ಅವನಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಊರು ಸೇರಿದೆವು. ಮುತ್ತಲಗಟ್ಟಿ ಎಂಬ ಕರಿಮಣ್ಣಿನ ಊರು. ಶಿವಗಂಗವ್ವನ ಎದೆ ರಾಗಿ ಬೀಸುವ ಕಲ್ಲಿನ ಹಾಗೆ ಸಮಾಧಾನವಾಗಿ ತಿರುಗುತ್ತಿತ್ತು. ಸಂಜೆ ಗುಳಿಗೆ ನುಂಗಿದಳು. ಸ್ವಲ್ಪ ಹೊತ್ತಿಗೆ ಎರಡು ಬಡಿತಗಳ ನಡುವೆ ಒಂದು ತೆರಪು ಕಾಣಿಸಿತು. ಬಾಗಿಲು ಅರ್ಧ ತೆರೆದು ಯಾರೋ ಒಳಗೆ ಇಣುಕಿ ಹೋದ ಹಾಗೆ. ಬೆಳಗಿನ ಗುಳಿಗೆಯ ಮೇಲೆ ತೆರಪು ಇನ್ನೂ ಅಗಲವಾಯಿತು. ನಾನು ಕೇಳುತ್ತಿದ್ದೆ. ಕೂಗಿ ಹೇಳುವ ಬಾಯಿ ನನಗೆ ಕೊಟ್ಟಿರಲಿಲ್ಲ.

ಅಂದೇ ಮಧ್ಯಾಹ್ನ, ನನಗೆ ನೀರು ತಾಗದಂತೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಳು. ಬಿಲ್ವಪತ್ರೆ ಏರಿಸಿದಳು. ಒಂದು ಬಡಿತ. ತೆರಪು. ಇನ್ನೊಂದು ಬಡಿತ. ಆಮೇಲೆ ಬಂದ ತೆರಪು ಮುಗಿಯಲೇ ಇಲ್ಲ. ಕೂತ ಭಂಗಿ ಕದಲಲಿಲ್ಲ, ಲಿಂಗ ಅಂಗೈಯಿಂದ ಜಾರಲಿಲ್ಲ. ನನ್ನ ದೀಪ ಆರಿತು. ಅಡಿವೆಪ್ಪ ಹೊಲದಿಂದ ಬಂದು, ಪೂಜೆ ಇನ್ನೂ ಮುಗಿದಿಲ್ಲವೆಂದು ಎಷ್ಟೋ ಹೊತ್ತು ಹೊರಗೇ ಕಾದ.

ಮರುದಿನ ಮಣ್ಣು. ಮೈ ತೊಳೆಯಲು ಬಂದ ಹೆಂಗಸರು ತಂತಿ ನೋಡಿ ಹಿಂಜರಿದರು.

"ಯಣ್ಣಾ, ಈ ಪೆಟಗಿ ಏನ ಮಾಡೂದು?"

"ಮುಟ್ಟಬ್ಯಾಡ್ರಿ. ಅಕಿ ಕೈಯಾರೆ ಕಟಿಗೊಂಡಾಳ. ತಗೀಬಾರ್ದಂತ ಹೇಳ್ಯಾರ."

ಒದ್ದೆ ಬಟ್ಟೆಯಿಂದ ಮೈ ಒರೆಸಿ ವಿಭೂತಿ ಹಚ್ಚಿದರು. ಅವರ ಪದ್ಧತಿಯಂತೆ ಸಮಾಧಿಗೆ ತೋಡಿದ ಕುಣಿಯ ಒಳಗೋಡೆಯಲ್ಲಿ ಗೂಡು ಕೊರೆದು, ಅದರಲ್ಲಿ ಅವಳನ್ನು ಪದ್ಮಾಸನದಲ್ಲಿ ಕೂರಿಸಿದರು. ಮಠದ ಗುರುಪಾದಯ್ಯನವರು ಮಂತ್ರ ಹೇಳಿ ಲಿಂಗವನ್ನು ಅವಳ ಎಡಗೈಗೆ ಕೊಟ್ಟರು. ಬಿಲ್ವಪತ್ರೆ, ವಿಭೂತಿ, ಉಪ್ಪು, ಕೊನೆಗೆ ಮಣ್ಣು. ಬೆಳಕು ಒಂದು ಚೂರಾಯಿತು, ಎಳೆಯಾಯಿತು, ಇಲ್ಲವಾಯಿತು. ಮೇಲೆ ಶಿವಶಿವಾ ಎನ್ನುತ್ತಿದ್ದ ದನಿಗಳು ದೂರ ಸರಿದವು.

ಒಂದು ಬ್ಯಾಟರಿಗೆ ವಾರವಿಡೀ ಕೇಳುವವನು ನಾನು. ನನ್ನನ್ನು ಆರಿಸಿದವರಿಲ್ಲ. ಕೇಳಿದೆ. ಬಹಳ ಹೊತ್ತು ಏನೂ ಇರಲಿಲ್ಲ.

ಮೂರನೆಯ ದಿನ, ಮನೆಯವರು ಸಮಾಧಿಗೆ ಹಾಲುತುಪ್ಪ ಎರೆದು ಬಂದ ಹೊತ್ತಿಗೆ, ಫಿಲೋಮಿನಾ ಸಿಸ್ಟರಳ ಫೋನು ಬಂತಂತೆ. ಅವಳು ಎಷ್ಟೋ ಸಲ ಈ ಕತೆ ಹೇಳಿದ್ದರಿಂದ ನನಗೆ ಗೊತ್ತು.

"ಅಜ್ಜಾರ, ಅವ್ವಾರನ್ನ ಯಾವಾಗ ಕರಕೊಂಡ ಬರ್ತೀರಿ?"

"ಅಕಿ ಲಿಂಗೈಕ್ಯ ಆದ್ಳವ್ವಾ."

ಸಿಸ್ಟರ್ ಅತ್ತಳು. ಆಮೇಲೆ ಕೇಳಿದಳು: "ಪೆಟಗಿ?"

"ಅಕಿ ಕೂಡನ ಐತಿ. ನೀ ಹೇಳೂತನಕ ತಗೀಬಾರ್ದಂದಿದ್ದಿ. ನೀ ಹೇಳಲಿಲ್ಲ."

ಅಂದೇ ಡಾಕ್ಟರು, ಸಿಸ್ಟರ್ ಕಾರು ಹತ್ತಿದರು. ಕರೆಯದೇ ದಾವಲಸಾಬನೂ ಹತ್ತಿದ. ಮಠದ ಕಟ್ಟೆಯಲ್ಲಿ ಊರ ಹಿರಿಯರು ಸೇರಿದರು. ಡಾಕ್ಟರು ಕೈಮುಗಿದು ಹೇಳಿದರು:

"ಅಮ್ಮಾರು ಹೆಂಗ ಹೋದರು ಅನ್ನೋದು ಆ ಪೆಟಗ್ಯಾಗ ಐತ್ರಿ. ಗುಳಿಗಿಯಿಂದ ಹೋದರೋ, ತಾವಾಗೇ ಹೋದರೋ, ನನಗ ತಿಳೀವಲ್ದು. ಈ ದಾವಲಸಾಬ್ರು ಅದನ್ನ ತಿಂತಾರ. ಇವರಂಥಾವರು ಇನ್ನೂ ಅದಾರ. ಗುಳಿಗಿ ಬಿಡಸಿದರ ಗಂಟು ಮತ್ತ ಬೆಳೀತೈತಿ. ಬಿಡಸಲಿಲ್ಲಂದ್ರ..." ಅವರು ದಾವಲಸಾಬನ ಕಡೆ ನೋಡಿದರು.

ದಾವಲಸಾಬ ಎದ್ದು ನಿಂತ. "ಬ್ಯಾಡ್ರಿ ಅಣ್ಣಾರ. ನನ್ನ ಸಲುವಾಗಿ ಅಕ್ಕನ ಮಣ್ಣ ಕೆದರಬ್ಯಾಡ್ರಿ. ನನ್ನ ನಸೀಬದಾಗ ಇದ್ದದ್ದಾಗ್ಲಿ."

"ಸಮಾಧಿ ಒಡ್ಯಾಕ ಬರ್ತೈತೇನ್ರಿ ಅಯ್ಯನಾರ?" ಎಂದು ಅಡಿವೆಪ್ಪ ಕೇಳಿದ.

ಗುರುಪಾದಯ್ಯನವರು ಅವನ ಕಡೆ ತಿರುಗಿದರು. "ಒಡ್ಯಾಕ ಬರೂದಿಲ್ಲ, ಅಡಿವೆಪ್ಪ. ಆದರ ಲಿಂಗ ಅಕೀದು, ಪೆಟಗಿ ಮಂದೀದು. ಮಂದಿ ಒಡವಿ ಕೊಳ್ಳಾಗ ಹಾಕ್ಕೊಂಡು ಶಿವನ ಮುಂದ ಕುಂದ್ರೂ ಹೆಣಮಗಳಲ್ಲ ಅಕಿ. ನೀನ ಇಳಿ. ಕಬ್ಬಿಣ ಹಚ್ಚಬ್ಯಾಡ, ಕೈಲೇ ತಗಿ. ಮಾರಿ ಮ್ಯಾಲಿನ ವಿಭೂತಿ ಸರಸಬ್ಯಾಡ. ಪೆಟಗಿ ತಗದು ಮತ್ತ ಮುಚ್ಚು."

ಮರುದಿನ ಬೆಳಗಿನ ಎಳೆಬಿಸಿಲು. ಅಡಿವೆಪ್ಪ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಮಣ್ಣು ತೋಡಿದ. ಕೈ ಒಳಗೆ ಬಂತು. ವಿಭೂತಿಯ ನಡುವೆ ಬೆರಳುಗಳು ತಡಕಾಡಿ ಪಾವುಡಕ್ಕೆ ತಾಗಿದವು. ಗೂಡಿನ ಕತ್ತಲೊಳಗೆ ಅವನು ಬಗ್ಗಿ ನೋಡಿದ.

ನನ್ನ ದೀಪ ಮಿಣುಕಿತು.

ತೆಳು ಬಟ್ಟೆಯ ಹಿಂದೆ ಹಸಿರಾಗಿ, ಒಮ್ಮೆ. ತಡವಾಗಿ, ಬಹಳ ತಡವಾಗಿ, ಮತ್ತೊಮ್ಮೆ.

"ಬಡೀತೈತಿ!" ಎಂದು ಚೀರಿದ. "ಅಕಿ ಎದಿ ಬಡೀತೈತ್ರೋ! ಅಕಿನ್ನ ಜೀವಂತ ಇಟ್ಟ ಬಂದೇವ್ರೋ!" ಎರಡೂ ಕೈಯಿಂದ ಮುಖದ ವಿಭೂತಿ ಸರಿಸಲು ಹೋದ. ದಾವಲಸಾಬ ಕುಣಿಗೆ ಹಾರಿ ಅವನ ರಟ್ಟೆ ಹಿಡಿದ. ಡಾಕ್ಟರು ಸೆರಗು ಸಿಕ್ಕಿಸಿಕೊಂಡು ಇಳಿದು, ವಿಭೂತಿಯ ಒಳಗೆ ಕೈ ತೂರಿಸಿ ಶಿವಗಂಗವ್ವನ ಕೊರಳನ್ನು ಮುಟ್ಟಿದರು.

"ಇಲ್ರಿ, ಯಜಮಾನ್ರ," ಅಂದರು. "ತಣ್ಣಗ ಅದಾರ. ತಂತಿಗಿ ನಿಮ್ಮ ಕೈ ತಾಗಿ ದೀಪ ಹತ್ತೈತಿ."

ಅವನ ಕೈ ಆಗ ತಂತಿಯ ಮೇಲಿರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಪಾವುಡದ ಗಂಟು ಬಿಚ್ಚಿ ನನ್ನನ್ನು ಹೊರತೆಗೆದರು. ಸಮಾಧಿ ಮುಚ್ಚಿತು. ಅಡಿವೆಪ್ಪ ಮನೆಗೆ ಹೋಗಲಿಲ್ಲ. ಒದ್ದೆ ಪಂಚೆಯಲ್ಲೇ ಬಂದು ಕಾರಿನಲ್ಲಿ ಕೂತ.

ಆಸ್ಪತ್ರೆಯಲ್ಲಿ ನನ್ನನ್ನು ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ಶಿವಗಂಗವ್ವನ ಎದೆ ಗೆರೆಗೆರೆಯಾಗಿ ಹರಿಯಿತು. ಸಂಜೆಯ ಗುಳಿಗೆ, ಅದರ ಬೆನ್ನಿಗೆ ತೆರಪು. ಬೆಳಗಿನ ಗುಳಿಗೆ, ಇನ್ನೂ ದೊಡ್ಡ ತೆರಪು.

"ಗುಳಿಗಿನ," ಅಂದರು ಡಾಕ್ಟರು ಮೆಲ್ಲಗೆ. "ನಮ್ಮ ಗುಳಿಗಿನ ಯಜಮಾನ್ರ. ತಪ್ಪು ನಮ್ಮದು."

ಅಡಿವೆಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನಿಗೆ ಬೇಕಾದದ್ದು ಬೇರೆ. "ಖರೇ ಹೇಳ್ರಿ ಬಾಯಾರ. ಮಣ್ಣ ಕೊಡೂ ಮುಂದ ಅಕಿ ಹೋಗಿದ್ಳೋ ಇಲ್ಲೋ?"

ಡಾಕ್ಟರು ಅವನ ಕುರ್ಚಿಯನ್ನು ಪರದೆಯ ಹತ್ತಿರ ಎಳೆದರು. ಕೊನೆಯ ಬಡಿತವನ್ನು ಬೆರಳಿಟ್ಟು ತೋರಿಸಿದರು. "ನೋಡ್ರಿ, ಇದು ಮಧ್ಯಾಹ್ನ. ಪೂಜಿಗಿ ಕುಂತಾಗ. ಇಲ್ಲಿಂದ ಸೀದಾ ಗೆರಿ. ಸಂಜಿ ಆತು, ರಾತ್ರಿ ಆತು, ಬೆಳಗಾತು. ಮಣ್ಣ ಆದದ್ದು ಇಲ್ಲಿ. ಅಷ್ಟೊತ್ತನಕ ಒಂದ ಬಡಿತ ಐತೇನ ನೀವ ನೋಡ್ರಿ."

ಅವನು ಗೆರೆಯ ಮೇಲೆ ತನ್ನ ಒರಟು ಬೆರಳನ್ನು ಹೊಲದ ಬದುವಿನ ಮೇಲೆ ನಡೆದಂತೆ ನಡೆಸಿದ. ಎಲ್ಲೂ ಏರಿಲ್ಲ, ಇಳಿವಿಲ್ಲ. ತುದಿ ಮುಟ್ಟಿ ಬೆರಳು ತೆಗೆದ. ಬುತ್ತಿ ಚೀಲದಲ್ಲಿ ಮುಖವಿಟ್ಟು ಅತ್ತ. ಎದ್ದು ನಿಂತಾಗ ಅವನ ಭುಜ ಹಗುರಾಗಿತ್ತು.

ಹೊರಗೆ ಬೆಂಚಿನ ಮೇಲೆ ದಾವಲಸಾಬ ಕಾಯುತ್ತಿದ್ದ. ಅಡಿವೆಪ್ಪ ಹೋಗಿ ಅವನ ಅಂಗಿಯ ಜೇಬಿಗೇ ಕೈ ಹಾಕಿ ಗುಳಿಗೆಯ ಪಟ್ಟಿಯನ್ನು ತೆಗೆದು ಸಿಸ್ಟರಳ ಕೈಗೆ ಕೊಟ್ಟ.

"ಇದು ಬ್ಯಾಡ ಇಂವಗ. ನಮ್ಮಾಕಿ ಹೇಳ್ಯಾಳ."

ಆ ಗುಳಿಗೆ ಎಲ್ಲರಿಗೂ ನಿಂತಿತು. ಮುಂದೆ ಅದನ್ನೇ ಕಾಲು ಭಾಗಕ್ಕೆ ಇಳಿಸಿ, ಆಸ್ಪತ್ರೆಯಲ್ಲೇ ಮಲಗಿಸಿ, ಹೃದಯಕ್ಕೆ ಕಾವಲಿಟ್ಟು ಕೊಡಲು ಕಲಿತರು. ದಾವಲಸಾಬನ ಗಂಟು ಪೂರ್ತಿ ಹೋಗಲಿಲ್ಲ, ಬೆಳೆಯಲೂ ಇಲ್ಲ. ಅವನು ಈಗಲೂ ಬಂದು ಸಿಸ್ಟರಳನ್ನು ರೇಗಿಸಿ ಹೋಗುತ್ತಾನೆ. ಅಡಿವೆಪ್ಪ ಶ್ರಾವಣದಲ್ಲಿ ಪ್ರಸಾದ ಕಳಿಸುತ್ತಾನೆ.

ನನ್ನನ್ನು ಮಾತ್ರ ಆಮೇಲೆ ಯಾರೂ ಕಟ್ಟಿಕೊಳ್ಳಲಿಲ್ಲ. ಕುಣಿ ಕಂಡು ಬಂದ ಪೆಟ್ಟಿಗೆ ಎಂಬ ಸುದ್ದಿ ವಾರ್ಡಿನಲ್ಲೆಲ್ಲ ಹರಡಿತ್ತು. ಬ್ಯಾಟರಿ ತೆಗೆದು, ತಂತಿ ಸುತ್ತಿ, ಹಳೆಯ ಸಾಮಾನಿನ ಕೋಣೆಯ ಉಕ್ಕಿನ ಕಪಾಟಿನಲ್ಲಿ ಇಟ್ಟರು. ಇದು ನನ್ನ ಮುಪ್ಪು.

ಒಂದು ಮಾತು ಉಳಿಯಿತು. ಅಡಿವೆಪ್ಪ ಹೋದ ಮೇಲೆ ಡಾಕ್ಟರು ಒಬ್ಬರೇ ಮರಳಿ ಬಂದು ಪರದೆಯನ್ನು ಮುಂದಕ್ಕೆ ಸರಿಸಿದ್ದರು. ಮಣ್ಣಾದ ಮೇಲಿನದನ್ನು ನೋಡಲು. ಬಹಳ ದೂರ ಸೀದಾ ಗೆರೆ. ಆಮೇಲೆ ಒಂದು ಸಣ್ಣ ಏರು. ಒಬ್ಬರು ಜಪಮಾಲೆ ಒಂದು ಸುತ್ತು ಮುಗಿಸುವಷ್ಟು ಹೊತ್ತು ಬಿಟ್ಟು ಇನ್ನೊಂದು. ಅಷ್ಟೇ ಹೊತ್ತು ಬಿಟ್ಟು ಮತ್ತೊಂದು. ಯಾವ ಮನುಷ್ಯನ ಎದೆಯೂ ಅಷ್ಟು ನಿಧಾನವಾಗಿ ಬಡಿದು ಬದುಕುವುದಿಲ್ಲ. ಅವರು ಉಪ್ಪಿನ ತೇವ, ಮಣ್ಣಿನ ಕುಸಿತ ಎಂದೆಲ್ಲ ತಮಗೆ ತಾವೇ ಹೇಳಿಕೊಂಡರು. ಕೊನೆಗೆ ಕಂಪ್ಯೂಟರ್ ಆರಿಸಿ, ಕತ್ತಲಾದ ಪರದೆಗೆ ಕೈಮುಗಿದು ಹೋದರು.

ನಾನು ಸಾಕ್ಷಿ ಹೇಳಬಲ್ಲೆ: ಶಿವಗಂಗವ್ವ ಪೂಜೆಯಲ್ಲೇ ಹೋಗಿದ್ದಳು. ಕುಣಿಯಲ್ಲಿ ಬಡಿದದ್ದು ಅವಳ ಎದೆಯಲ್ಲ. ಅದು ಕೆಳಗಿನಿಂದ ಬಂತು. ಅವಳು ಕೂತ ನೆಲದಿಂದ ಏರಿ, ಅವಳನ್ನು ಹಾದು, ನನ್ನವರೆಗೆ. ಅದಕ್ಕೆ ಅವಸರವೆಂಬುದೇ ಇರಲಿಲ್ಲ. ಅದನ್ನು ಕೇಳಿದ ಮೇಲೆ ನನಗೆ ತಿಳಿಯಿತು, ನಾನು ಹೊತ್ತ ಎದೆಗಳೆಲ್ಲ, ಗಟ್ಟಿಯವೂ ಸೊರಗಿದವೂ, ಎಲ್ಲಿಗೋ ಓಡುತ್ತಲೇ ಇದ್ದವು. ಓಡದೇ ಇರುವುದು ಅದೊಂದೇ. ಅದನ್ನು ಶಿವನೆನ್ನಿ, ಮಣ್ಣೆನ್ನಿ. ನನಗೆ ಹೆಸರು ಹೇಳಿಕೊಟ್ಟವರಿಲ್ಲ.

ಮಧ್ಯಾಹ್ನ ವಾರ್ಡು ಊಟ ಮಾಡಿ ಮಲಗುತ್ತದೆ. ಫ್ಯಾನುಗಳು ಕೂಡ ಸದ್ದಿಲ್ಲದೆ ತಿರುಗುತ್ತವೆ. ಈ ಕಪಾಟಿನ ಉಕ್ಕಿನ ಕಾಲು ನೆಲಕ್ಕೆ ಊರಿದೆ, ಆ ನೆಲದ ಕೆಳಗೆ ಮಣ್ಣಿದೆ. ಬ್ಯಾಟರಿ ಇಲ್ಲದವನಿಗೆ ಏನೂ ಕೇಳಬಾರದು.

ಈಗ ಒಂದು ಬಡಿಯಿತು. ಮುಂದಿನದಕ್ಕೆ ಇನ್ನೂ ಬಹಳ ಹೊತ್ತಿದೆ. ನೀವು ಹೋಗಿ ಬನ್ನಿ, ನಾನು ಇಲ್ಲೇ ಕಾಯುತ್ತಿರುತ್ತೇನೆ.