ಯಾರನ್ನು ಕೇಳಿದರೂ ಕೊಟ್ಟುಬಿಡಿ

ಅಕ್ಟೋಬರಿನಲ್ಲಿ ತನ್ನ ನೆಚ್ಚಿನ ಹೆರನ್ಸ್ ಬೇಸ್‌ಬಾಲ್ ತಂಡ ಸೋತು ಮನೆ ಸೇರಿದ ದಿನದಿಂದ ಆರ್ಡಿತ್ ನೀಮಾಯರಳಿಗೆ ಒಂದೇ ಜಪ: ಒಬ್ಬ ಒಳ್ಳೆಯ ಎಡಗೈ ಎಸೆತಗಾರ. ಗುರುವಾರ ಬೆಳಿಗ್ಗೆ ಹತ್ತಾಯಿತೆಂದರೆ ರೇಡಿಯೊದ ಬೇಸ್‌ಬಾಲ್ ಹರಟೆಗೆ ಫೋನು ಹಚ್ಚಿ ನಿರೂಪಕ ಗಸ್‌ನ ತಲೆ ತಿನ್ನುವಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಗಂಟಲು ಅದು, ಗಸ್ ಎದುರಾಡುತ್ತಿರಲಿಲ್ಲ.

"ಪೋರ್ಟ್‌ಲ್ಯಾಂಡ್‌ನವರ ಹತ್ರ ಎಡಗೈ ಹಾಲ್ಕಂಬ್ ಇದಾನಲ್ಲ ಗಸ್, ಅವನನ್ನ ತರ್ಲಿ," ಎಂದಳು ಡಿಸೆಂಬರಿನ ಮೊದಲ ಗುರುವಾರ. "ಬದಲಿಗೆ ನಮ್ಮ ಹುಡುಗ್ರಲ್ಲಿ ಯಾರನ್ನ ಕೇಳಿದ್ರೂ ಕೊಟ್ಬಿಡ್ಲಿ. ಅವರನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ತಾರಾ?"

ಯಾರನ್ನು ಎಂದರೆ ಯಾರನ್ನು? ಅದನ್ನು ಮಾತ್ರ ಅವಳು ಯೋಚಿಸಿರಲಿಲ್ಲ. ದೊಡ್ಡ ಆಟಗಾರನನ್ನು ತರಬೇಕಾದರೆ ಕೆಳದರ್ಜೆಯ ತಂಡಗಳಲ್ಲಿ ಪಳಗುತ್ತಿರುವ ಒಂದಿಬ್ಬರನ್ನು ಬಿಟ್ಟುಕೊಡಬೇಕು. ಹೆರನ್ಸ್‌ನ ಅಂಥ ತಂಡವೊಂದು ಆರ್ಡಿತ್‌ಳ ಊರಿನಲ್ಲೇ ಇತ್ತು. ಆ ಹುಡುಗರಿಗೆ ಊರವರ ಮನೆಗಳೇ ಬಿಡಾರ. ಆರ್ಡಿತ್ ಮತ್ತು ಅವಳ ಗಂಡ ಮರ್ಲ್‌ನ ನೆಲಮಾಳಿಗೆಯಲ್ಲಿ ಎರಡು ಬೇಸಿಗೆ ಕಳೆದವನು ಡೊಮಿನಿಕನ್ ನಾಡಿನ, ಬ್ಯಾಟುಗಾರನ ಹಿಂದೆ ಕೂತು ಎಸೆತ ಹಿಡಿಯುವ ಕ್ಯಾಚರ್ ಯೆಫ್ರಿ ಮತೆಯೊ. ಕೂತರೆ ಆರು ಮೊಟ್ಟೆ ತಿನ್ನುವ ಹುಡುಗ. ಅವನ ತಾಯಿಗೆ ವಿಡಿಯೊ ಕರೆ ಮಾಡಿ, ಭಾಷೆ ಬರದೆ ಕೈಸನ್ನೆಯಲ್ಲೇ ಕೇಳಿ, ಆರ್ಡಿತ್ ಬಾಳೆಕಾಯಿ ಜಜ್ಜಿ ಕರಿಯುವುದನ್ನು ಕಲಿತಿದ್ದಳು. ಇವತ್ತಲ್ಲ ನಾಳೆ ಅವನು ಹೆರನ್ಸ್‌ನ ದೊಡ್ಡ ಮೈದಾನದಲ್ಲಿ ಆಡುವುದನ್ನು ಕಣ್ಣಾರೆ ನೋಡಬೇಕು ಎಂಬುದು ಅವಳ ಇನ್ನೊಂದು ಆಸೆ. ಎರಡೂ ಆಸೆ ಒಂದಕ್ಕೊಂದು ಅಡ್ಡ ಬರಬಹುದೆಂದು ಪುಣ್ಯಾತ್ಗಿತ್ತಿಗೆ ಹೊಳೆದಿರಲೇ ಇಲ್ಲ. ಊರಿಗೆಲ್ಲ ಬುದ್ಧಿ ಹೇಳುವವರ ಹಣೆಬರಹವೇ ಇಷ್ಟು.

ಮುಂದಿನ ಮಂಗಳವಾರ ಅವಳು ಕ್ರಿಸ್‌ಮಸ್ ಬಿಸ್ಕತ್ತಿಗೆ ಹಿಟ್ಟು ಲಟ್ಟಿಸುತ್ತಿದ್ದಾಗ ರೇಡಿಯೊದಲ್ಲಿ ಸುದ್ದಿ ಬಂತು. ಹಾಲ್ಕಂಬ್ ಹೆರನ್ಸ್‌ಗೆ ಬರುತ್ತಿದ್ದ. ಮರ್ಲ್ ಚಪ್ಪಾಳೆ ತಟ್ಟಿದ, ಆರ್ಡಿತ್ ಹಿಟ್ಟಿನ ಕೈಯಲ್ಲೇ ಅವನ ಬೆನ್ನಿಗೊಂದು ಗುದ್ದಿದಳು. ಬದಲಿಗೆ ಹೋಗುವವರು ಇಬ್ಬರು ಎಂದು ಗಸ್ ಹೆಸರು ಓದಿದ. ಎರಡನೆಯ ಹೆಸರು ಯೆಫ್ರಿಯದು.

ಮರ್ಲ್ ರೇಡಿಯೊ ಆರಿಸಿದ. ತಂಡದವರು ತನ್ನನ್ನು ಕೇಳಿ ವ್ಯವಹಾರ ಮಾಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೇನು, ಕೊಟ್ಟುಬಿಡಿ ಎಂದ ಬಾಯಿ ತನ್ನದೇ ತಾನೆ? ಮನೆಯ ಮಗನನ್ನು ಕೈಯಾರೆ ಹೊರಗೆ ಕಳಿಸಿದಂತಾಯಿತು. ಬಿಸ್ಕತ್ತು ಆ ದಿನ ಬೇಯಲಿಲ್ಲ.

ಚಳಿಗಾಲಕ್ಕೆ ತನ್ನೂರಿಗೆ ಹೋಗಿದ್ದ ಯೆಫ್ರಿ ಸಂಜೆ ತಾನೇ ಫೋನು ಮಾಡಿದ.

"ಏನಮ್ಮಾ, ಎಡಗೈಯವನು ಸಿಕ್ಕಿದ್ನಲ್ಲ, ಖುಷಿನಾ?"

"ಸುಮ್ನಿರೋ. ನಾನು ರೇಡಿಯೊದಲ್ಲಿ ಏನಂದೆ ಅಂತ ಗೊತ್ತಾ ನಿಂಗೆ?"

"ಗೊತ್ತು. ಪ್ರತಿ ಗುರುವಾರ ಫೋನಲ್ಲಿ ಹಾಕ್ಕೊಂಡು ಕೇಳ್ತೀನಿ. ನಿನ್ ದನಿ ಕೇಳೋಕೆ."

ಅವನೇ ಸಮಾಧಾನ ಹೇಳಿದ. ಪೋರ್ಟ್‌ಲ್ಯಾಂಡ್‌ನ ಹಳೆಯ ಕ್ಯಾಚರ್ ನಿವೃತ್ತನಾಗಿದ್ದಾನಂತೆ, ಮೊದಲ ದಿನದಿಂದಲೇ ತನಗೆ ಜಾಗವಂತೆ, ಇಲ್ಲಿದ್ದರೆ ಇನ್ನೂ ಎರಡು ವರ್ಷ ಕಾಯಬೇಕಿತ್ತಂತೆ.

"ಆದ್ರೆ ಆ ಊರಲ್ಲಿ ನಂಗ್ಯಾರೂ ಗೊತ್ತಿಲ್ಲಮ್ಮ."

ಗುರುವಾರ ಹತ್ತಕ್ಕೆ ಗಸ್ ಅವಳ ಕರೆಗಾಗಿ ಕಾದ. ಎಡಗೈಯವನು ಬಂದಮೇಲೆ ಆರ್ಡಿತ್‌ಗೆ ನಮ್ಮ ನೆನಪೇ ಇಲ್ಲ ಎಂದು ಹಂಗಿಸಿದ. ಅವಳು ಕೇಳಿಸಿಕೊಳ್ಳಲಿಲ್ಲ. ಮರ್ಲ್ ಹುಡುಕಿಕೊಟ್ಟ ಪೋರ್ಟ್‌ಲ್ಯಾಂಡ್ ರೇಡಿಯೊದ ನಂಬರಿಗೆ ಫೋನು ಹಚ್ಚಿ ಕುಳಿತಿದ್ದಳು. ನಲವತ್ತು ನಿಮಿಷ ಕಾಯಿಸಿದ ಮೇಲೆ ಅಪರಿಚಿತ ದನಿಯೊಂದು ಯಾರು, ಏನು ವಿಷಯ ಎಂದು ಕೇಳಿತು.

"ಯೆಫ್ರಿ ಮತೆಯೊ ಎರಡು ಬೇಸಿಗೆ ನಮ್ಮನೇಲಿದ್ದ," ಎಂದಳು. "ಅವನಿಗೆ ಮೊಟ್ಟೆ ಆರು ಬೇಕು, ಹಳದಿ ಗಟ್ಟಿ ಆಗ್ಬಾರ್ದು. ಆಟ ಶುರುವಾಗೋ ಏಪ್ರಿಲ್‌ನಲ್ಲಿ ಚೆಂಡು ಹೊಡೀದೆ ಹೋದ್ರೆ ಬೈಬೇಡಿ, ಆಗಿನ್ನೂ ಚಳಿ, ಅವನ ಕೈ ಏಳಲ್ಲ. ಮುಂದೆ ನಿಮಗೂ ಯಾವನೋ ದೊಡ್ಡ ಎಸೆತಗಾರ ಬೇಕು ಅನ್ಸುತ್ತೆ. ನನ್ನಂಥೋಳು ಯಾರೋ ಫೋನ್ ಮಾಡಿ ಏನೇನೋ ಹೇಳ್ತಾಳೆ."

ಮರ್ಲ್ ನೀರಿನ ಲೋಟ ಮುಂದೆ ತಳ್ಳಿದ.

"ಯಾರು ಕೇಳಿದ್ರೂ ಅವನನ್ನ ಕೊಡ್ಬೇಡಿ," ಎಂದಳು.